ಕಾಜಮ್ಮನ ಬೀಗದ ಕೈ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಇಬ್ಬರೇ, ಅಂಚೆಯವನು ಮತ್ತು ಅವಳ ಮಗ. ಮಗನಿಗೂ ಯಾವುದಾದರೂ ಫಾರಂ ತುಂಬುವಾಗ ಮಾತ್ರ ಅದು ನೆನಪಾಗುತ್ತಿತ್ತು. ಉಳಿದವರಿಗೆಲ್ಲ ಅವಳು ಕಾಜಮ್ಮ. ಗುಂಡಿ ತೂರಿಸಲು ಬಟ್ಟೆಯಲ್ಲಿ ಸೀಳು ಮಾಡಿ, ಆ ಸೀಳಿನ ಅಂಚು ಬಿಚ್ಚಿಕೊಳ್ಳದಂತೆ ಸುತ್ತಲೂ ದಾರ ಕಟ್ಟುವ ಕಾಜಾ ಕೆಲಸವನ್ನು ನಲವತ್ತೊಂದು ವರ್ಷ ಮಾಡಿದವಳು. ಅಂಗಿ ಹೊಲಿದವಳಲ್ಲ, ಕೋಟು ಕತ್ತರಿಸಿದವಳಲ್ಲ. ಬರೀ ಕಾಜಾ. "ನನ್ನ ಆಯಸ್ಸೆಲ್ಲ ತೂತು ಮಾಡೋದ್ರಲ್ಲೇ ಹೋಯ್ತು. ಆದ್ರೆ ಇವತ್ತಿನವರೆಗೂ ನನ್ನ ಒಂದು ತೂತೂ ಹರಿದಿಲ್ಲ" ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಟೈಲರ್ ಮಾಸ್ಟರ ಅಂಗಡಿ ಮನೆಯಿಂದ ಎರಡು ತಿರುವು ದೂರ. ಅಲ್ಲಿ ಹೊಸ್ತಿಲ ಪಕ್ಕ, ಬೆಳಕು ಚೆನ್ನಾಗಿ ಬೀಳುವ ಕಡೆ, ಒಂದು ಗಿಡ್ಡ ಸ್ಟೂಲು. ಅದು ಅವಳದು. ಕಾಜಾ ಮಿಷನ್ನು ಬಂದು ಅಂಗಿಗಳನ್ನೆಲ್ಲ ಅರೆ ನಿಮಿಷದಲ್ಲಿ ಮುಗಿಸತೊಡಗಿದ ಮೇಲೂ ಮಾಸ್ಟರು ಕೋಟುಗಳನ್ನು ಅವಳಿಗೇ ಎತ್ತಿಡುತ್ತಿದ್ದರು. ಆಮೇಲೆ ಕೋಟು ಹೊಲಿಸುವವರೇ ಕಡಿಮೆಯಾದರು. ಆದರೂ ಹತ್ತೂವರೆಗೆ ಸರಿಯಾಗಿ ಕಾಜಮ್ಮ ಹಾಜರು. ಎಪ್ಪತ್ತಾರು ವರ್ಷಕ್ಕೂ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಅವಳಿಗಿತ್ತು. ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವರಾದ ಮಾಸ್ಟರಿಗೆ ಇರಲಿಲ್ಲ. ದಿನಾ ಹನ್ನೆರಡು ಸೂಜಿಗೆ ಬಣ್ಣ ಬಣ್ಣದ ದಾರ ಪೋಣಿಸಿ, ಹತ್ತಿ ತುಂಬಿದ ಪುಟ್ಟ ಸೂಜಿ ದಿಂಡಿಗೆ ಸಾಲಾಗಿ ಚುಚ್ಚಿ ಕೊಡುವಳು. ಅಷ್ಟಿದ್ದರೆ ಮಾಸ್ಟರ ದಿನ ಸಾಗುತ್ತಿತ್ತು.

"ಕಾಜಮ್ಮ, ನೀವು ಹೋಗ್ಬಿಟ್ರೆ ನಾನು ಅಂಗಡಿ ಮುಚ್ಚಬೇಕಾಗುತ್ತೆ."

"ನಾನೆಲ್ಲಿ ಹೋಗ್ಲಿ ಮಾಸ್ಟ್ರೇ? ನನ್ನನ್ನ ಕರ್ಕೊಂಡ್ ಹೋಗೋಕೆ ಬರೋವ್ನಿಗೂ ಗುಂಡಿ ಕಿತ್ತಿರುತ್ತೆ. ಹೊಲಿದು ಕೊಡೋವರೆಗೂ ಕೂರು ಅಂತೀನಿ."

ಹೀಗಿದ್ದವಳು ಒಂದು ದಿನ ದಾರಿ ತಪ್ಪಿದಳು. ನಲ್ಲಿ ಪೈಪಿಗೆಂದು ರಸ್ತೆ ಅಗೆದು, ಅವಳ ಮಾಮೂಲಿ ತಿರುವಿಗೆ ತಗಡು ಅಡ್ಡ ಇಟ್ಟಿದ್ದರು. ಸುತ್ತಿ ಬರೋಣವೆಂದು ಹೊರಟವಳು ಸುತ್ತುತ್ತಾ ಸುತ್ತುತ್ತಾ ಬಸ್ ಡಿಪೋ ಮುಂದೆ ಹೋಗಿ ನಿಂತಳು. ಕಾಲು ಸೋತು ಬೆಂಚಿನ ಮೇಲೆ ಕೂತಿದ್ದವಳನ್ನು ಪೊಲೀಸಿನವನೊಬ್ಬ ವಿಳಾಸ ಕೇಳಿ ಜೀಪಿನಲ್ಲಿ ತಂದು ಬಿಟ್ಟ. ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಪೊಲೀಸಿನವನು ಕೆಟ್ಟವನೇನಲ್ಲ. ಮಗನ ಹೆಗಲ ಮೇಲೆ ಕೈ ಇಟ್ಟು, "ನಿಮ್ಮ ತಾಯಿನಾ? ಸ್ವಲ್ಪ ನೋಡ್ಕೊಳ್ಳಿ" ಎಂದ. ಅಷ್ಟೇ ಮಾತು. ಅದು ಮಗನಿಗೆ ಹಸಿ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

ಮರುದಿನ ಬೆಳಿಗ್ಗೆ ಬಾಗಿಲಿಗೆ ಹೊಸ ಬೀಗ ಬಂತು. ಹೊರಗಿನಿಂದ.

"ಅಮ್ಮ, ಬೇಜಾರ್ ಮಾಡ್ಕೋಬೇಡ. ನಾವು ಗಂಡ ಹೆಂಡತಿ ಇಬ್ರೂ ಕೆಲಸಕ್ಕೆ ಹೋಗ್ಲೇಬೇಕು. ನೀನು ಎಲ್ಲೋ ಹೋಗಿ ಏನೋ ಆದ್ರೆ ನಾನು ತಲೆ ಎತ್ಕೊಂಡು ಓಡಾಡೋದು ಹೇಗೆ?"

"ರಸ್ತೆ ಅಗೆದಿದ್ರು ಕಣೋ. ಯಾರಾದ್ರೂ ದಾರಿ ತಪ್ತಿದ್ರು."

"ಯಾರೂ ತಪ್ಪಲಿಲ್ಲ. ನೀನು ತಪ್ಪಿದೆ."

"ಹಾಗಾದ್ರೆ ಒಂದು ಕೀ ನನ್ನ ಹತ್ರಾನೂ ಇರ್ಲಿ. ನಾನು ಹೊರಗೆ ಹೋಗಲ್ಲ. ಇರ್ಲಿ ಅಷ್ಟೆ."

"ಹೋಗಲ್ಲ ಅಂದ್ಮೇಲೆ ಕೀ ಯಾಕಮ್ಮ?"

ಅವನು ಬೂಟಿನ ದಾರ ಕಟ್ಟಿಕೊಳ್ಳುತ್ತಾ ನಗುತ್ತಲೇ ಇನ್ನೊಂದು ಮಾತು ಹೇಳಿದ. "ನಾನು ಚಿಕ್ಕವನಿದ್ದಾಗ ನೀನೂ ನನ್ನನ್ನ ಒಳಗೆ ಬಿಟ್ಟು ಬೀಗ ಹಾಕ್ಕೊಂಡು ಹೋಗ್ತಿದ್ದೆಯಲ್ಲ? ನಾನೇನು ಸತ್ತೋದ್ನಾ?"

ಅದು ನಿಜ. ಗಂಡ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ಆಗ ಕಾಜಾ ಕೆಲಸ ಮನೆಯಲ್ಲೇ, ಮುಗಿದ ಕೋಟುಗಳನ್ನು ಅಂಗಡಿಗೆ ಕೊಟ್ಟು ಹೊಸದನ್ನು ತರಬೇಕು. ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಮಗು ಎಂದರೆ ಇಸ್ತ್ರಿಯೆಲ್ಲ ಹಾಳು. "ನೂರು ಎಣಿಸೋದ್ರೊಳಗೆ ಬಂದ್ಬಿಡ್ತೀನಿ ಬಂಗಾರ" ಎಂದು ಬೀಗ ಜಡಿದು ಓಡುತ್ತಿದ್ದಳು. ಮಗುವಿಗೆ ಬರುತ್ತಿದ್ದುದು ಇಪ್ಪತ್ತರವರೆಗೆ. ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ ಶುರು ಮಾಡುವನು. ಅವಳು ವಾಪಸ್ ಬರುವಾಗ ಮೂಲೆಯ ತಿರುವಿನಲ್ಲೇ ಕೇಳುತ್ತಿತ್ತು, ಅಳು ಬೆರೆತ ಆ ಹದಿನೇಳು, ಹದಿನೆಂಟು. ಬಾಗಿಲು ತೆಗೆದು ಎತ್ತಿಕೊಂಡರೆ ಕೆನ್ನೆಯ ಮೇಲೆ ಕಿಟಕಿ ಸರಳಿನ ಗೆರೆ ಮೂಡಿರುತ್ತಿತ್ತು. ಹಾಲು ಬಿಸಿ ಮಾಡುತ್ತಾ ಒಂದು ಕೈಯಿಂದ ಆ ಗೆರೆ ಉಜ್ಜುತ್ತಾ ಕೂರುತ್ತಿದ್ದಳು.

ಈಗ ಆ ಮಗು ಲಿಫ್ಟ್ ರಿಪೇರಿ ಕಂಪನಿಯಲ್ಲಿ ಹಿರಿಯ ಮೆಕ್ಯಾನಿಕ್ಕು. ಯಾವ ಕಟ್ಟಡದಲ್ಲಿ ಲಿಫ್ಟು ನಿಂತರೂ ಅವನ ಫೋನೇ ಬಡಿದುಕೊಳ್ಳಬೇಕು. ಒಳಗೆ ಸಿಕ್ಕಿಕೊಂಡವರು ಹತ್ತು ನಿಮಿಷಕ್ಕೆಲ್ಲ ಹೇಗೆ ಬಾಗಿಲು ಬಡಿಯುತ್ತಾರೆ, ದೊಡ್ಡ ದೊಡ್ಡ ಆಫೀಸರುಗಳು ಹೇಗೆ ಅಮ್ಮಾ ಎಂದು ಅಳುತ್ತಾರೆ ಎಂದು ಊಟಕ್ಕೆ ಕೂತಾಗ ನಟಿಸಿ ತೋರಿಸುತ್ತಿದ್ದ. ಸೊಸೆ ನಕ್ಕು ನಕ್ಕು ಕೆಮ್ಮುತ್ತಿದ್ದಳು. ಕಾಜಮ್ಮ ಅನ್ನ ಕಲಸುತ್ತಿದ್ದಳು.

ಸೊಸೆಯೂ ಕೆಟ್ಟವಳಲ್ಲ. ಮಾತ್ರೆ ಪ್ಯಾಕಿಂಗ್ ಫ್ಯಾಕ್ಟರಿಯಲ್ಲಿ ಎಂಟು ಗಂಟೆ ನಿಂತು ಕೆಲಸ ಮಾಡುವವಳು, ಹೊರಡುವ ಮುಂಚೆ ಮೂರು ಊಟದ ಡಬ್ಬಿ ಸಾಲಾಗಿ ಇಟ್ಟು ಹೋಗುವಳು. "ಅತ್ತೆ, ಹನ್ನೊಂದಕ್ಕೆ ಇದು, ಒಂದೂವರೆಗೆ ಇದು, ನಾಲ್ಕಕ್ಕೆ ಇದು. ಫ್ಲಾಸ್ಕಲ್ಲಿ ಬಿಸಿನೀರಿದೆ." ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿ ಬೀರುವಿನ ಮೇಲೆ ಇಡುವಳು. ಅತ್ತೆ ಜಾರಬಾರದೆಂದು ಬಚ್ಚಲಿಗೆ ರಬ್ಬರ್ ಚಾಪೆ ತಂದವಳೂ ಅವಳೇ. ಎದುರುಮನೆಯವಳು ಕಿಟಕಿಯಾಚೆ ನಿಂತು, "ಪುಣ್ಯ ಮಾಡಿದ್ದೀರಿ ಕಾಜಮ್ಮ. ನನ್ನ ಸೊಸೆ ಒಂದು ಲೋಟ ನೀರು ಕೊಡೋಕೆ ಮೂರು ಸಲ ಕೂಗಿಸ್ತಾಳೆ" ಎನ್ನುವಳು. ಬಾಯಿಮಾತಿಗಲ್ಲ, ಹೊಟ್ಟೆಕಿಚ್ಚಿನಿಂದಲೇ.

ಮಾಸ್ಟರು ಮಾತ್ರ ಮೂರು ದಿನ ನೋಡಿ, ನಾಲ್ಕನೆಯ ದಿನ ಸೂಜಿ ದಿಂಡು ಹಿಡಿದು ಕಿಟಕಿಗೆ ಬಂದರು. ಸರಳುಗಳ ನಡುವೆ ದಿಂಡು ತೂರಿತು. ಅವಳು ಹನ್ನೆರಡೂ ಸೂಜಿ ಪೋಣಿಸಿ ವಾಪಸ್ ತೂರಿಸಿದಳು. ಅಲ್ಲಿಂದ ಅದೇ ಅಭ್ಯಾಸವಾಯಿತು. ಹತ್ತೂವರೆಗೆ ಮಾಸ್ಟರು, ಹತ್ತು ನಿಮಿಷದ ಮಾತು, ಆಮೇಲೆ ಸಂಜೆ ಐದೂವರೆಯವರೆಗೆ ಗೋಡೆ ಗಡಿಯಾರ.

"ಒಂದು ಕೀ ಕೇಳಿ ಕಾಜಮ್ಮ."

"ಕೇಳಿದೆ."

"ಏನಂದ?"

"ಯಾಕೆ ಅಂದ."

ಮಾಸ್ಟರು ದಿಂಡನ್ನು ಜೇಬಿಗೆ ಹಾಕಿಕೊಂಡು, "ಅದೂ ಒಂದು ಪ್ರಶ್ನೆನಾ!" ಎಂದು ಗೊಣಗಿಕೊಂಡು ಹೋದರು.

ಹೀಗೆ ಎರಡು ತಿಂಗಳಾದ ಮೇಲೆ ಒಂದು ದಿನ ಫ್ಲಾಸ್ಕಿನ ಮುಚ್ಚಳ ಗಟ್ಟಿಯಾಗಿ ಕೂತಿದ್ದನ್ನು ಜಗ್ಗಿದಾಗ ಬಿಸಿನೀರು ಮುಂಗೈ ಮೇಲೆ ಹಾರಿತು. ಆಗ ಗಂಟೆ ನಾಲ್ಕು. ಬಾಗಿಲು ತೆರೆಯುವುದು ಐದೂವರೆಗೆ. ಅಷ್ಟು ಹೊತ್ತು ಕೈಯನ್ನು ಬಕೆಟ್ಟಿನಲ್ಲಿ ಅದ್ದಿಕೊಂಡು ಕೂತಿದ್ದಳು. ಮಗ ಬಂದವನೇ ಎತ್ತಿಕೊಂಡು ಹೋಗುವ ಹಾಗೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದ. ದಿನ ಬಿಟ್ಟು ದಿನ ನರ್ಸು ಮನೆಗೇ ಬಂದು ಪಟ್ಟಿ ಬದಲಿಸುತ್ತಾಳೆ ಎಂದು ಅಲ್ಲಿ ಹೇಳಿದರು.

ನರ್ಸು ಬೇರೆ ಸೀಮೆಯವಳು. ಇಲ್ಲಿನ ಭಾಷೆಯನ್ನು ದೊಡ್ಡವಳಾದ ಮೇಲೆ ಕಲಿತವಳು. ಮೊದಲ ದಿನ ಬೀಗ ನೋಡಿ ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ತಿರುಗಿದ್ದಳು. ಒಳಗಿನಿಂದ ದನಿ ಬಂತು.

"ಕಿಟಕಿಗೆ ಬಾ ತಾಯಿ. ಇಲ್ಲೇ ಇದ್ದೀನಿ."

"ಬಾಗಿಲು ತೆಗೀರಿ ಅಜ್ಜಿ."

"ಕೀ ಇಲ್ಲ. ಕೈ ಹೊರಗೆ ಚಾಚ್ತೀನಿ, ಕಟ್ಟು."

ನರ್ಸು ಚೀಲವನ್ನು ಜಗುಲಿಯ ಮೇಲಿಟ್ಟು, ಸರಳಿನಾಚೆಯಿಂದ ಬಂದ ಕೈಗೆ ಮುಲಾಮು ಹಚ್ಚಿ ಪಟ್ಟಿ ಸುತ್ತಿದಳು.

"ಬೆಂಕಿ ಬಿದ್ರೆ ಏನ್ಮಾಡ್ತೀರಿ?"

"ಬೀಳಲ್ಲ. ನನ್ನ ಸೊಸೆ ಜಾಣೆ."

"ನಮ್ಮ ಕಡೆ ಹೀಗೆ ಮಾಡಿದ್ರೆ ಜೈಲಿಗೆ ಹಾಕ್ತಾರೆ."

"ಯಾರನ್ನ, ನನ್ನನ್ನಾ? ಆಗ್ಲೇ ಹಾಕಾಗಿದೆಯಲ್ಲ."

ನರ್ಸು ನಗಲಿಲ್ಲ. ಕಾಜಮ್ಮನೇ ಮಾತು ಬದಲಿಸಿದಳು. "ನಿಮ್ಮಮ್ಮ ಯಾರ ಜೊತೆ ಇದ್ದಾಳೆ?"

"ಊರಲ್ಲಿ. ಒಬ್ಬಳೇ."

"ಒಬ್ಬಳೇನಾ! ಅಯ್ಯೋ. ಅದಕ್ಕೆ ನಿಮ್ಮ ಕಡೆ ಯಾರೂ ಜೈಲಿಗೆ ಹಾಕಲ್ವಾ?"

"ಅವಳಿಗೆ ಹಾಗೇ ಇಷ್ಟ ಅಜ್ಜಿ. ಅವಳ ಮನೆ, ಅವಳ ಕೀ." ಪಟ್ಟಿಯ ತುದಿ ಸೀಳಿ ಗಂಟು ಹಾಕುತ್ತಾ ನರ್ಸು ಹೇಳಿದಳು. "ಹೋದ ವರ್ಷ ಬಚ್ಚಲಲ್ಲಿ ಬಿದ್ದು ಎರಡು ದಿನ ಹಾಗೇ ಇದ್ದಳು. ಹಾಲಿನವಳು ನೋಡಿದಳು."

"ಎರಡು ದಿನ!"

"ಹೂಂ."

ನರ್ಸು ಚೀಲ ಹೆಗಲಿಗೇರಿಸಿದಳು, ಕಾಜಮ್ಮ ಪಟ್ಟಿ ಕಟ್ಟಿದ ಕೈಯನ್ನು ಒಳಗೆಳೆದುಕೊಂಡಳು.

ಮೂರನೆಯ ಸಲ ಬಂದಾಗ ನರ್ಸು ನೇರವಾಗಿ ಹೇಳಿದಳು. ಇಂಥದ್ದು ಕಣ್ಣಿಗೆ ಬಿದ್ದರೆ ಹಿರಿಯರ ರಕ್ಷಣಾ ಕಚೇರಿಗೆ ಬರೆಯಬೇಕೆಂದು ನಿಯಮವಿದೆ, ಬರೆಯದಿದ್ದರೆ ತನ್ನ ಮೇಲೇ ಬರುತ್ತದೆ ಎಂದು.

"ಬೇಡ ತಾಯಿ. ಬರೆಯೋದೇ ಇದ್ರೆ ಅಜ್ಜಿಗೆ ಒಂದು ಕೀ ಕೊಡಿ ಅಂತ ಬರಿ. ಅಷ್ಟೇ ಸಾಕು."

"ಅದನ್ನ ನೀವೇ ಅವರಿಗೆ ಹೇಳಿ. ನಿಮ್ಮನ್ನ ಕೇಳೋಕೇ ಬರ್ತಾರೆ."

ಕಾಜಮ್ಮನಿಗೆ ಒಳಗೊಳಗೇ ಆಸೆ ಹುಟ್ಟಿತು. ಸರ್ಕಾರದವರು ಹೇಳಿದರೆ ಮಗ ಇಲ್ಲವೆನ್ನುವನೇ? ಯಾರ ಮೇಲೂ ದೂರಲ್ಲ, ಜಗಳವಲ್ಲ. ಒಂದು ಬೀಗದ ಕೈ. ಹಗಲು ಎರಡು ಗಂಟೆ ಅಂಗಡಿಯ ಸ್ಟೂಲು. ಡಬ್ಬಿ ತೊಳೆಯುವಾಗ, ತಲೆ ಬಾಚುವಾಗ ಆ ಮಾತನ್ನು ಬಾಯಿಪಾಠ ಮಾಡಿದಳು. "ಹಗಲು ಹೊತ್ತು ಒಂದು ಕೀ ನನ್ನ ಹತ್ತಿರ ಇರಲಿ. ಮಾಸ್ಟರ ಅಂಗಡಿಗೆ ಹೋಗಿ ಬರುತ್ತೇನೆ. ಬೇರೆ ಎಲ್ಲಿಗೂ ಹೋಗುವುದಿಲ್ಲ." ಮಾಸ್ಟರಿಗೂ ಒಪ್ಪಿಸಿದಳು. ಅವರು ಎರಡು ಸಲ ಕೇಳಿ, "ಚೆನ್ನಾಗಿದೆ. 'ದಯವಿಟ್ಟು' ಸೇರಿಸಿ" ಎಂದರು.

ಆದರೆ ಕಚೇರಿಯವರಿಗಿಂತ ಮೊದಲು ಕಚೇರಿಯ ಕಾಗದ ಬಂತು, ಮಗನ ಹೆಸರಿಗೆ. ವೃದ್ಧ ತಾಯಿಯ ಮೇಲೆ ದೌರ್ಜನ್ಯದ ದೂರು, ವಿಚಾರಣೆಗೆ ಮನೆಯಲ್ಲಿ ಹಾಜರಿರತಕ್ಕದ್ದು. ಮಗ ಅದನ್ನು ನಿಂತುಕೊಂಡೇ ಎರಡು ಸಲ ಓದಿದ. ಸೊಸೆ ಕಸಿದುಕೊಂಡು ಓದಿ ಅತ್ತೆಯ ಕಡೆ ತಿರುಗಿದಳು.

"ದೌರ್ಜನ್ಯನಾ? ನಾವಾ? ಅತ್ತೆ, ಒಂದು ದಿನ ನಿಮಗೆ ತಣ್ಣಗಿನ ಅನ್ನ ಹಾಕಿದ್ದೀನಾ, ನೀವೇ ಹೇಳಿ."

"ಇಲ್ಲಮ್ಮ."

"ಒಂದು ದಿನ ಏರಿದ ದನಿಯಲ್ಲಿ ಮಾತಾಡಿದ್ದೀನಾ?"

"ಇಲ್ಲಮ್ಮ. ನಾನು ಯಾರಿಗೂ ದೂರು ಕೊಟ್ಟಿಲ್ಲ. ನಾನು ಬರೀ ಕೀ..."

"ಕೀ!" ಎಂದು ಮಗ ಒಂದೇ ಸಲ ಅಂದ. ಆಮೇಲೆ ನಾಲ್ಕು ದಿನ ಅವನು ತಾಯಿಯ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಅವಳೂ ಎರಡು ಬೈದು ಹಗುರವಾಗುತ್ತಿದ್ದಳು. ಮಾತ್ರೆಯನ್ನು ಅಂಗೈಗೆ ಹಾಕುವನು, ನೀರು ಕೊಡುವನು, ಮುಖ ಮಾತ್ರ ಗೋಡೆಯ ಕಡೆ. ಎದುರುಮನೆಯವಳು ಈಗ ಕಿಟಕಿಗೆ ಬರುವುದನ್ನು ಬಿಟ್ಟಳು. ನಲ್ಲಿಯ ಹತ್ತಿರ ಅವಳ ದನಿ ಮಾತ್ರ ಕೇಳಿಸಿತು. "ಹೆತ್ತ ಮಗನ ಮೇಲೇ ಕಂಪ್ಲೇಂಟಂತೆ. ಅಂಥ ಸೊಸೆ ಸಿಕ್ಕಿದ್ರೆ ನಾನು ಕಾಲು ತೊಳೀತಿದ್ದೆ."

ವಿಚಾರಣೆಗೆ ಬಂದ ಅಧಿಕಾರಿ ಮೂವತ್ತರ ಆಸುಪಾಸಿನ ಹೆಂಗಸು. ಚಪ್ಪಲಿ ಬಿಚ್ಚಿ ಒಳಗೆ ಬಂದಳು, ಸೊಸೆ ಕೊಟ್ಟ ನೀರು ಕುಡಿದಳು. ಆಮೇಲೆ, "ಅಜ್ಜಿ ಹತ್ರ ನಾನೊಬ್ಬಳೇ ಮಾತಾಡ್ಬೇಕು. ನೀವಿಬ್ರೂ ಸ್ವಲ್ಪ ಹೊರಗಿರಿ" ಎಂದಳು.

ಮಗನ ಮುಖ ಕೆಂಪಾಯಿತು. "ನನ್ನ ತಾಯಿ ಹತ್ರ ಮಾತಾಡೋಕೆ ನನ್ನನ್ನೇ ಹೊರಗೆ ಕಳಿಸ್ತೀರಾ ಮೇಡಂ?"

"ನಿಯಮ ಇರೋದೇ ಹಾಗೆ."

ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತ. ಎದುರುಗಡೆ ನಾಲ್ಕು ಮನೆಯ ಬಾಗಿಲುಗಳು ಆಗಲೇ ತೆರೆದುಕೊಂಡಿದ್ದವು.

"ಹೊಡೀತಾರಾ?"

"ಅಯ್ಯೋ!"

"ಅಯ್ಯೋ ಅಂದ್ರೆ ಹೌದಾ, ಇಲ್ವಾ?"

"ಇಲ್ಲ."

"ಊಟ ಕೊಡ್ತಾರಾ?"

"ಮೂರು ಡಬ್ಬಿ."

"ಬೈತಾರಾ?"

"ಈ ಮನೇಲಿ ಬೈಯೋಳು ನಾನೊಬ್ಬಳೇ."

ಅಧಿಕಾರಿ ಒಂದೊಂದಕ್ಕೂ ಗುರುತು ಹಾಕುತ್ತಾ ಹಾಳೆ ಮಗುಚಿದಳು. "ಹೊರಗಿನಿಂದ ಬೀಗ ಹಾಕ್ಕೊಂಡು ಹೋಗ್ತಾರಾ?"

ಕಾಜಮ್ಮ ಬಾಯಿಪಾಠ ಮಾಡಿದ್ದನ್ನು ಹೇಳಲು ಸೆರಗು ಸರಿಮಾಡಿಕೊಂಡಳು. ಯಾಕೋ ಮೊದಲು ಕೇಳಿಬಿಡೋಣ ಅನ್ನಿಸಿತು. "ಹೌದು ಅಂದ್ರೆ ಏನಾಗುತ್ತೆ?"

"ಇವತ್ತೇ ಕೇಸ್ ದಾಖಲಾಗುತ್ತೆ. ಅದು ತೀರ್ಮಾನ ಆಗೋವರೆಗೂ ನಿಮ್ಮನ್ನ ನಮ್ಮ ಕೇಂದ್ರದಲ್ಲಿ ಇಟ್ಕೋತೀವಿ. ಮಗನ್ನ ಕಚೇರಿಗೆ ಕರೆಸ್ತೀವಿ, ಅವರ ಕಂಪನಿಗೂ ಒಂದು ಪತ್ರ ಹೋಗುತ್ತೆ. ಹೆದರಬೇಡಿ ಅಜ್ಜಿ, ಅಲ್ಲಿ ನೀವು ಸುರಕ್ಷಿತವಾಗಿರ್ತೀರಿ."

"ಅಲ್ಲಿ ಕೀ ನನ್ನ ಕೈಗೆ ಕೊಡ್ತಾರಾ?"

"ಅಲ್ಲಿ ಗೇಟಿನಲ್ಲಿ ಕಾವಲಿನವರು ಇರ್ತಾರೆ. ಒಬ್ಬೊಬ್ಬರನ್ನೇ ಹೊರಗೆ ಬಿಡಲ್ಲ."

"ಹಾಗಾದ್ರೆ ಅಲ್ಲೂ ಬೀಗಾನೇ."

"ಅದು ಬೇರೆ. ಅದು ನಿಮ್ಮ ರಕ್ಷಣೆಗೆ."

"ಇವನೂ ಅದನ್ನೇ ಹೇಳ್ತಾನಮ್ಮ."

ಅಧಿಕಾರಿ ಪೆನ್ನು ಕೆಳಗಿಟ್ಟಳು. ಅವಳಿಗೂ ಮನೆಯಲ್ಲಿ ಅಜ್ಜಿ ಇದ್ದಿರಬೇಕು. ಕಣ್ಣು ಒಂದು ಗಳಿಗೆ ಮೆತ್ತಗಾಯಿತು.

"ನಿಮಗೇನು ಬೇಕು ಅಜ್ಜಿ?"

"ಒಂದು ಕೀ ನನಗೂ ಕೊಡ್ಲಿ ಅಂತ ಬರೆಯೋಕಾಗುತ್ತಾ? ದಯವಿಟ್ಟು."

ಅಧಿಕಾರಿ ಹಾಳೆಗಳನ್ನು ಹಿಂದೆ ಮುಂದೆ ತಿರುವಿದಳು. "ಅದಕ್ಕೆ ಕಾಲಂ ಇಲ್ಲ. ದೂರು ಇದೆ, ಇಲ್ಲಾ ದೂರು ಇಲ್ಲ. ಎರಡರಲ್ಲಿ ಒಂದು ಬರೀಬೇಕು ನಾನು."

ಕಿಟಕಿಯಾಚೆ ಮಗ ನಿಂತಿದ್ದ, ಕೈ ಹಿಂದೆ ಕಟ್ಟಿಕೊಂಡು, ತಲೆ ತಗ್ಗಿಸಿ. ಬೀದಿಯ ಕಡೆಗೂ ಇಲ್ಲ, ಮನೆಯ ಕಡೆಗೂ ಇಲ್ಲ. ಕಿವಿಯ ಹಿಂದೆ ಕೂದಲು ಬೆಳ್ಳಗಾಗಿದೆ. ಅವನ ಕೆನ್ನೆಯ ಮುಂದೆ ಸರಳುಗಳು ಹಾದುಹೋಗಿದ್ದವು. ಈಗ ಒಳಗಿದ್ದವಳು ಅವಳು, ಹೊರಗಿದ್ದವನು ಅವನು. ಆದರೂ ಅವಳಿಗೆ ಕೇಳಿಸಿದ್ದು ಅದೇ ಹದಿನೇಳು, ಹದಿನೆಂಟು.

"ಬೀಗ ನಾನೇ ಹಾಕಿಸ್ಕೊಂಡಿದ್ದು" ಎಂದಳು ಕಾಜಮ್ಮ. "ಒಬ್ಬಳೇ ಇರೋಕೆ ನನಗೆ ಭಯ. ಅವನು ಬೇಡ ಅಂತಿದ್ದ, ನಾನೇ ಹಟ ಮಾಡಿದೆ."

ಪೆನ್ನು ಸರಸರ ಓಡಿತು. ಬರೆದದ್ದನ್ನು ಓದಿ ಹೇಳಿ, ಹೆಬ್ಬೆರಳಿಗೆ ಶಾಯಿ ಹಚ್ಚಲು ಡಬ್ಬಿ ತೆಗೆದಳು ಅಧಿಕಾರಿ. "ಸಹಿ ಬರುತ್ತೆ" ಎಂದು ಕಾಜಮ್ಮ ಪೆನ್ನು ತೆಗೆದುಕೊಂಡು ತನ್ನ ಹೆಸರನ್ನು ನಿಧಾನವಾಗಿ ಬರೆದಳು. ಅದನ್ನು ಬರೆದು ಎಷ್ಟು ವರ್ಷವಾಗಿತ್ತೋ.

ಹೋಗುವಾಗ ಅಧಿಕಾರಿ ಮೆಟ್ಟಿಲ ಮೇಲೆ ನಿಂತು ಮಗನಿಗೆ ಹೇಳಿದಳು. "ಅಜ್ಜಿಗೆ ಭಯ ಜಾಸ್ತಿ ಇದೆ. ಕಿಟಕಿನೂ ಸ್ವಲ್ಪ ಭದ್ರ ಮಾಡಿಸಿ."

ಮಗ ಒಳಗೆ ಬಂದು ತಾಯಿಯ ಮುಂದೆ ನೆಲದ ಮೇಲೆ ಕೂತುಬಿಟ್ಟ. ಕಣ್ಣು ತುಂಬಿತ್ತು. "ನಿನಗೆ ಭಯ ಆಗ್ತಿತ್ತು ಅಂತ ನನಗೆ ಗೊತ್ತೇ ಇರ್ಲಿಲ್ಲಮ್ಮ. ಬೀಗ ಹಾಕುವಾಗೆಲ್ಲ ಎದೆ ಚುರ್ ಅಂತಿತ್ತು ನನಗೆ. ಮೊದ್ಲೇ ಹೇಳ್ಬಾರ್ದಿತ್ತಾ?"

ತನ್ನನ್ನು ಕಾಪಾಡಲು ಅವಳು ಸುಳ್ಳು ಹೇಳಿದಳೆಂದು ಅವನಿಗೆ ಹೊಳೆಯಲೇ ಇಲ್ಲ. ಅಮ್ಮ ಕಾಗದದ ಮೇಲೆ ಸಹಿ ಹಾಕಿದ ಮಾತು, ಅದು ಸುಳ್ಳು ಹೇಗಾದೀತು? ಅವಳು ಅವನ ತಲೆ ಸವರಿದಳು. ಈಗ ಹೇಳಬಹುದಾಗಿತ್ತು. ಸೆರಗಿನಿಂದ ಅವನ ಕಣ್ಣೊರೆಸಿದಳು ಅಷ್ಟೆ.

ನರ್ಸು ಕೊನೆಯ ಸಲ ಬಂದಾಗ ಮುಖ ಗಂಟಿಕ್ಕಿಕೊಂಡಿದ್ದಳು. "ನಾನು ಸುಳ್ಳು ವರದಿ ಕೊಟ್ಟೆ ಅಂತಾಯ್ತು ಅಜ್ಜಿ. ಮೇಲಿನವರು ಕಾರಣ ಕೇಳಿದ್ದಾರೆ."

"ತಪ್ಪಾಯ್ತು ತಾಯಿ."

"ನಿಮಗೆ ಕೀ ಬೇಕು ಅಂದ್ರಿ."

"ಬೇಕು. ಈಗಲೂ ಬೇಕು."

ನರ್ಸು ಪಟ್ಟಿ ಬಿಚ್ಚಿ ನೋಡಿದಳು. "ಗಾಯ ಒಣಗಿದೆ. ಇನ್ನು ನಾನು ಬರಲ್ಲ" ಎಂದು ಹಳೆಯ ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟಳು.

ಆ ಭಾನುವಾರ ಮಗ ಕಿಟಕಿಗೆ ಕಬ್ಬಿಣದ ಜಾಲರಿ ತಂದ. ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನದು, ಗಟ್ಟಿ. ಕೆಲಸ ಬಲ್ಲವನು, ಅಳತೆ ಹಿಡಿದು ಕತ್ತರಿಸಿ, ಅಂಚು ಚುಚ್ಚಬಾರದೆಂದು ಸುತ್ತಲೂ ರಬ್ಬರ್ ಪಟ್ಟಿ ಕೂರಿಸಿದ. ಕೆಲಸ ಮಾಡುತ್ತಾ ಸಿಳ್ಳೆ ಹಾಕುತ್ತಿದ್ದ. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಸಿಳ್ಳೆ. "ಸ್ಕ್ರೂ ಕೊಡಮ್ಮ" ಎಂದಾಗೆಲ್ಲ ಕಾಜಮ್ಮ ಅಂಗೈಯಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಎತ್ತಿ ಕೊಟ್ಟಳು. ಹದಿನಾರು.

ಸೋಮವಾರ ಹತ್ತೂವರೆಗೆ ಮಾಸ್ಟರು ಬಂದರು. ದಿಂಡು ಹಿಡಿದ ಕೈ ಜಾಲರಿಗೆ ತಾಗಿ ನಿಂತಿತು.

"ಇದೇನಿದು ಕಾಜಮ್ಮ?"

"ಸೊಳ್ಳೆ ಕಾಟ ಮಾಸ್ಟ್ರೇ."

ಮಾಸ್ಟರು ಜಾಲರಿಯ ಮೂಲೆ ಮೂಲೆ ಬೆರಳಾಡಿಸಿ ನೋಡಿದರು. ಎಲ್ಲೂ ಸಂದಿಲ್ಲ. ಕೊನೆಗೆ ಅಲ್ಲೇ ನಿಂತು, ಒಂದು ಸೂಜಿ ಎತ್ತಿ ಬೆಳಕಿಗೆ ಹಿಡಿದು ದಾರದ ತುದಿಯನ್ನು ಎಂಜಲು ಮಾಡಿದರು. "ನೀವೇ ಹೇಳಿ, ಕಣ್ಣು ಎಲ್ಲಿದೆ?"

"ಸ್ವಲ್ಪ ಬಲಕ್ಕೆ. ಬಲಕ್ಕೆ ಅಂದ್ರೆ ನಿಮ್ಮ ಬಲಕ್ಕೆ. ಹಾಂ, ಕೆಳಗೆ. ಅಲುಗಾಡಿಸ್ಬೇಡಿ."

"ಹೋಯ್ತಾ?"

"ಇಲ್ಲ. ಪಕ್ಕದಲ್ಲಿ ಹೋಯ್ತು."

ಏಳೆಂಟು ಸಲ ಆಯಿತು. ದಾರದ ತುದಿ ಕುಂಚದ ಹಾಗೆ ಬಿಚ್ಚಿಕೊಂಡಿತು. ಅವಳ ಬೆರಳುಗಳು ಜಾಲರಿಯ ಈಚೆ ಗಾಳಿಯಲ್ಲೇ ಪೋಣಿಸುತ್ತಿದ್ದವು. ಮಾಸ್ಟರು ಸೂಜಿಯನ್ನು ದಿಂಡಿಗೆ ಚುಚ್ಚಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಇವತ್ತು ಬೆಳಕು ಸರಿ ಇಲ್ಲ. ನಾಳೆ ನೋಡೋಣ."

"ನಾಳೆ ಬನ್ನಿ" ಎಂದಳು ಕಾಜಮ್ಮ.

ಮರುದಿನ ಹತ್ತೂವರೆಯಾಯಿತು. ಅವಳು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದಳು. ಹತ್ತೂ ಮುಕ್ಕಾಲಾಯಿತು. ಹನ್ನೊಂದಕ್ಕೆ ಎದ್ದು, ಹನ್ನೊಂದರ ಡಬ್ಬಿ ತೆರೆದು ತಿಂದಳು. ಬಿಸಿಯಾಗಿಯೇ ಇತ್ತು.